ಹಿಪ್ಪುನೇರಳೆ ತೋಟದ ದಾರಿ

ಬಂಡೆಗುಂಟೆ, ಸಾದಲಿ ಹೋಬಳಿ
6 ನವೆಂಬರ್ 2025

ಮಗಳೇ ಸಂಘಮಿತ್ರ,

ನಿನಗೂ ಅಳಿಯಂದಿರಿಗೂ ಜೈಭೀಮ್, ಮಗುವಿಗೆ ಮುತ್ತು. ಮಗುವಿಗೆ ಎದ್ದಿದ್ದ ಅಮ್ಮನ ಗುಳ್ಳೆ ಇಳಿದು ತಲೆಗೆ ನೀರು ಹಾಕಿದಿರಿ ಎಂದು ಕೇಳಿ ನೆಮ್ಮದಿಯಾಯಿತು. ಅಂಥ ಹೊತ್ತಲ್ಲಿ ಮಗುವನ್ನು ಬಿಟ್ಟು ಗೌರಿಬಿದನೂರಿಂದ ಅಜ್ಜಿಯ ಮಣ್ಣಿಗೆ ಬರಲಾಗಲಿಲ್ಲ ಎಂದು ನೀನು ಕೊರಗಬೇಡ. ಮಂಗಮ್ಮಜ್ಜಿ ಹೋಗಿ ಇವತ್ತಿಗೆ ಹದಿನೇಳು ದಿನ. ನೀನು ದಿನಾ ಫೋನಿನಲ್ಲಿ "ಏನಾಯ್ತಮ್ಮ, ಯಾಕೆ ಸರಿಯಾಗಿ ಹೇಳ್ತಿಲ್ಲ" ಎನ್ನುತ್ತೀಯ, ನಾನು "ಆಮೇಲೆ ಮಾಡ್ತೀನಿ ಕಣೇ" ಎಂದು ಇಡುತ್ತೇನೆ. ನನ್ನದೇ ತಪ್ಪು. ಫೋನಿನಲ್ಲಿ ಬಾಯಿ ಬಿಟ್ಟರೆ ಬೈಗುಳವೇ ಬರುತ್ತದೆ, ಪಕ್ಕದಲ್ಲಿ ಯಾರಾದರೂ ಇದ್ದೇ ಇರುತ್ತಾರೆ. ಅದಕ್ಕೇ ಪಂಚಾಯ್ತಿ ಆಫೀಸಿನ ಬಾಗಿಲು ಹಾಕಿಕೊಂಡು, ಅಧ್ಯಕ್ಷರ ಕುರ್ಚಿಯಲ್ಲೇ ಕೂತು ಬರೆಯುತ್ತಿದ್ದೇನೆ.

ನಮ್ಮ ಕಾಲೋನಿಯ ಸ್ಮಶಾನದ ದಾರಿ ನಿನಗೆ ಗೊತ್ತಲ್ಲ. ನಕ್ಷೆಯಲ್ಲಿ ಅದು ಬಂಡಿದಾರಿ, ನೆಲದ ಮೇಲೆ ಚೆನ್ನರಾಯಪ್ಪನ ಹಿಪ್ಪುನೇರಳೆ ತೋಟ. ಅವರಪ್ಪನ ಕಾಲದಲ್ಲಿ ಎರಡು ಸಾಲು ಗಿಡ ದಾರಿಗೆ ಬಂತು, ಇವನ ಕಾಲದಲ್ಲಿ ದಾರಿಯೇ ಇಲ್ಲವಾಯಿತು. ನಾವು ಹೆಣ ಹೊತ್ತು ಕೆರೆಯಂಗಳದಲ್ಲಿ ಸುತ್ತಿಕೊಂಡು ಹೋಗಬೇಕು. ನಾನು ಅಧ್ಯಕ್ಷೆಯಾದಾಗ ಕಾಲೋನಿಯವರು ಕೇಳಿದ್ದು ಆ ದಾರಿಯೊಂದನ್ನೇ. ತಾಲ್ಲೂಕು ಆಫೀಸಿಗೆ ಅಲೆದು ಅಲೆದು ಸರ್ವೆ ಮಾಡಿಸಿದೆ, ಕಲ್ಲು ನೆಡಿಸಿದೆ, ಒತ್ತುವರಿ ತೆರವಿನ ಆದೇಶ ತಂದೆ. ಸಭೆಯಲ್ಲಿ ಠರಾವು ಮಾಡುವಾಗ ಚೆನ್ನರಾಯಪ್ಪನೂ ಸದಸ್ಯನಾಗಿ ಕೈ ಎತ್ತಿದ, ನಗುನಗುತ್ತಾ.

ಕೆಲಸ ಶುರುವಾಗುವ ಹಿಂದಿನ ದಿನ ಮನೆ ಬಾಗಿಲಿಗೆ ಬಂದ. "ಏಮ್ಮಾ ಅಧ್ಯಕ್ಷರೇ, ಹುಳ ಮೂರನೇ ಜ್ವರದಲ್ಲಿ ಅವೆ. ಈಗ ಅಗೆದ್ರೆ ಧೂಳೆಲ್ಲ ಸೊಪ್ಪಿನ ಮೇಲೆ ಕೂರ್ತದೆ. ಗೂಡು ಕಟ್ಲಿ, ಆಮೇಲೆ ನಾನೇ ನಿಂತು ಗಿಡ ಕೀಳಿಸ್ತೀನಿ" ಎಂದ. ನಾವೂ ರೇಷ್ಮೆ ಹುಳ ಸಾಕುವವರಲ್ಲವಾ? ಜ್ವರಕ್ಕೆ ಕೂತು, ಪೊರೆ ಬಿಡಲು ಮೇವು ಬಿಟ್ಟು, ತಲೆ ಎತ್ತಿ ಸುಮ್ಮನಿರುವ ಹುಳದ ಮುಂದೆ ಜೋರಾಗಿ ಮಾತಾಡದೆ ಬೆಳೆದವಳು ನಾನು. ಆಗದವರ ಮನೆಯದಾದರೂ ಹುಳ ಹಾಳಾಗಲಿ ಎನ್ನುವವರು ನಮ್ಮ ಕಡೆ ಯಾರಿದ್ದಾರೆ? ಆಗಲಿ ಎಂದೆ. ಹುಳ ಹಣ್ಣಾಯಿತು, ಬಿದಿರಿನ ಚಂದ್ರಿಕೆಯಲ್ಲಿ ಗೂಡು ಕಟ್ಟಿತು, ಗೂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋಯಿತು. ಹೋಗಿ ಕೇಳಿದರೆ ಆಗಲೇ ಇನ್ನೊಂದು ಬೆಳೆಗೆ ಮರಿಹುಳ ತಂದಿದ್ದ. "ಇದೊಂದು ಬೆಳೆ ಕಣಮ್ಮ." ಹೀಗೆ ಐದು ಬೆಳೆ ತೆಗೆದ! ಕೊನೆಗೆ ಸರ್ವೆಯ ಕಲ್ಲು ಇದ್ದ ಕಡೆ ಕಬ್ಬಿಣದ ಗೇಟು ನಿಲ್ಲಿಸಿ ಬೀಗ ಜಡಿದ. ಆದೇಶ ನನ್ನ ಬೀರುವಿನಲ್ಲೇ ಬಿದ್ದಿತ್ತು. ನನ್ನಂಥ ಪೆದ್ದಿ ಈ ಹೋಬಳಿಯಲ್ಲಿ ಇನ್ನೊಬ್ಬಳಿರಲಾರಳು.

ಅಷ್ಟರಲ್ಲಿ ನಿಮ್ಮಜ್ಜಿ, ನನ್ನ ಅತ್ತೆ, ಹೋದರು. ಅದಕ್ಕೆ ಮುಂಚೆ ವಾರವೆಲ್ಲ ಮಳೆ. ಕೆರೆಯಂಗಳದಲ್ಲಿ ಮಂಡಿಯುದ್ದ ಕೆಸರು. ಮುಂದೆ ಹೆಗಲು ಕೊಟ್ಟಿದ್ದ ನಿಮ್ಮಪ್ಪನ ಕಾಲು ಜಾರಿತು. ಚಟ್ಟ ಒಂದು ಕಡೆ, ಅತ್ತೆ ಒಂದು ಕಡೆ. ಬೋರಲು ಬಿದ್ದರು ಕಣೇ, ಬಾಯಲ್ಲೆಲ್ಲ ಕೆಸರು. ನಿಮ್ಮಪ್ಪ ಅಂಗಿ ಬಿಚ್ಚಿ ಮುಖ ಒರೆಸುತ್ತಾ "ತಪ್ಪಾಯ್ತವ್ವಾ, ತಪ್ಪಾಯ್ತು" ಎನ್ನುತ್ತಿದ್ದರು. ಕೆರೆ ಕಟ್ಟೆಯ ಮೇಲಿದ್ದ ಊರವರು ಫೋನು ಹಿಡಿದು ವಿಡಿಯೊ ತೆಗೆದರು. ಒಬ್ಬರೂ ಇಳಿದು ಕೈ ಕೊಡಲಿಲ್ಲ. ಇವರ ಓಟು ಕೇಳಲು ನಾನು ಬಿಸಿಲಲ್ಲಿ ಮನೆಮನೆ ತಿರುಗಿದ್ದೆನಲ್ಲ!

ಇನ್ನೂ ಕೇಳು. ಐದನೇ ದಿನ ಪಂಚಾಯ್ತಿ ಸಭೆ. ಚೆನ್ನರಾಯಪ್ಪ ಎದ್ದು ನಿಂತು, ಮುಖ ಸಣ್ಣಗೆ ಮಾಡಿಕೊಂಡು, "ನಮ್ಮ ಅಧ್ಯಕ್ಷರ ಅತ್ತೆಯವರ ಆತ್ಮಕ್ಕೆ ಶಾಂತಿ ಕೋರಿ ಎರಡು ನಿಮಿಷ ಮೌನ" ಎಂದ. ಎಲ್ಲರೂ ಎದ್ದರು! ನಾನು ಏಳಲಿಲ್ಲ. ಮೇಜು ಗುದ್ದಿ, "ಮೌನ ನಿಮ್ಮನೇಲಿ ಮಾಡ್ಕೊಳ್ರಿ. ಬೀಗ ತೆಗೀರಿ ಮೊದ್ಲು" ಎಂದೆ. ಪಿಡಿಒ ನನ್ನ ಕಿವಿಯ ಹತ್ತಿರ ಬಗ್ಗಿ, "ಮೇಡಂ, ದುಃಖದಲ್ಲಿದೀರ, ಇವತ್ತು ಬೇಡ" ಎಂದರು. "ದುಃಖ ಅಲ್ಲ ಸಾರ್ ಇದು, ಸಿಟ್ಟು" ಎಂದೆ.

ಮರುದಿನವೇ ಪೊಲೀಸರನ್ನು ಕರೆಸಿ, ಆದೇಶ ಓದಿ ಬೀಗ ಒಡೆಸಿದೆ. ಕಾಲೋನಿಯ ಹೆಂಗಸರೆಲ್ಲ ಪಿಕಾಸಿ ಹಿಡಿದು ಬಂದರು. ಚೆನ್ನರಾಯಪ್ಪನ ಹೆಂಡತಿ ಲಕ್ಷ್ಮಿದೇವಮ್ಮ ಓಡಿ ಬಂದು ಕೈಮುಗಿದಳು, "ನಾಲ್ಕನೇ ಜ್ವರ ಕಣಮ್ಮ, ನಿನಗೆ ಗೊತ್ತಿಲ್ವಾ, ಇನ್ನೆಂಟೇ ದಿನ" ಎಂದಳು. ಅವಳು ಹೇಳಿದ್ದು ಸುಳ್ಳಲ್ಲ, ನನಗೂ ಗೊತ್ತು. ಆದರೂ "ಅಗೀರಿ" ಎಂದೆ. ಮೊದಲ ಬುಡ ನಾನೇ ಕಿತ್ತೆ. ಮೂರು ದಿನದಲ್ಲಿ ದಾರಿ ಬಿದ್ದು, ಮಣ್ಣು ಹಾಕಿದ್ದೂ ಆಯಿತು. ಇನ್ನೆರಡು ತಿಂಗಳಿಗೆ ನಮ್ಮ ಅವಧಿ ಮುಗಿಯುತ್ತದೆ, ಈ ಕುರ್ಚಿಯಲ್ಲಿ ಯಾರು ಬೇಕಾದರೂ ಕೂರಲಿ, ದಾರಿಯಂತೂ ಇರುತ್ತದೆ.

ನೀನು ಮೈ ನೋಡಿಕೋ, ಶಾಲೆ ಕೆಲಸ, ಮಗು ಎರಡನ್ನೂ ಒಬ್ಬಳೇ ಎಳೆಯಬೇಡ, ಅಳಿಯಂದಿರಿಗೂ ಹೇಳು. ಮಗುವಿನ ಗುಳ್ಳೆಯ ಗುರುತು ಮಾಸಲು ಎಳನೀರು ಹಚ್ಚು. ನಿಮ್ಮೆಲ್ಲರ ಬಾಳು ತಣ್ಣಗಿರಲಿ.

ನಿನ್ನ ಅಮ್ಮ,
ಆಂಜಿನಮ್ಮ

ಮತ್ತೆ, ಸಂಘ: ಕಾಗದ ಮಡಚಿ ಲಕೋಟೆಗೆ ಹಾಕಿದ್ದೆ, ತೆಗೆದು ಬರೆಯುತ್ತಿದ್ದೇನೆ. ಮಣ್ಣಿನ ದಿನ ಬೆಳಿಗ್ಗೆ, ನಿಮ್ಮಪ್ಪ ಗುಂಡಿ ತೋಡಿಸಲು ಹೋಗಿದ್ದಾಗ, ಚೆನ್ನರಾಯಪ್ಪ ಗೇಟಿನ ಬೀಗದ ಕೈ ತಂದಿದ್ದ. "ನಿಮ್ಮತ್ತೆ ಒಬ್ರಿಗೆ ಬಿಡ್ತೀನಿ. ನೀನು ಅಧ್ಯಕ್ಷೆ ಅಂತ. ನಾಳೆ ಇನ್ನೊಬ್ರು ಬಂದು ಕೇಳಬಾರ್ದು" ಎಂದ. "ಎಲ್ಲರಿಗೂ ಬಿಡೋದಾದ್ರೆ ಬಿಡಿ, ಇಲ್ಲ ನಮಗೂ ಬೇಡ" ಎಂದು ವಾಪಸ್ ಕಳಿಸಿದೆ. ಯಾರನ್ನೂ ಕೇಳಲಿಲ್ಲ, ಯಾರಿಗೂ ಹೇಳಲಿಲ್ಲ. ಗಿಡ ಕೀಳುವಾಗ ಲಕ್ಷ್ಮಿದೇವಮ್ಮ ಅದನ್ನು ಎಲ್ಲರೆದುರಿಗೆ ಕೂಗಿ ಹೇಳಿದಳು. ನಿಮ್ಮಪ್ಪ ಅಲ್ಲೇ ಪಿಕಾಸಿ ಹಿಡಿದು ನಿಂತಿದ್ದರು. ಅವತ್ತಿಂದ ನಾನು ಬಡಿಸಿದ್ದನ್ನು ಉಣ್ಣುತ್ತಿಲ್ಲ. ಒಂದೇ ಮಾತು ಕೇಳಿದರು: "ನಿಮ್ಮವ್ವ ಆಗಿದ್ರೂ ಬೇಡ ಅಂತಿದ್ದೆಯಾ?" ದಾರಿ ಎಲ್ಲರದು ಎಂದು ತಹಶೀಲ್ದಾರರ ಮುಂದೆ ಗಂಟೆಗಟ್ಟಲೆ ಮಾತಾಡಿದವಳು ನಾನು. ಇದಕ್ಕೆ "ಹೂಂ" ಎನ್ನಲು ನನಗೆ ಬಾಯಿ ಬರಲಿಲ್ಲ ಕಣೇ.