ಉಲ್ಟಾ ಓಡಿಸಿದ ಗೆರೆ

ಮಾರ್ಚ್ 4, ಬೆಳಿಗ್ಗೆ

ಎಸಿ ಮತ್ತೆ ಕೈಕೊಟ್ಟಿದೆ. ಸರ್ವರ್ ರೂಮಿನ ಬಾಗಿಲಿಗೆ ಕುರ್ಚಿ ಒತ್ತುಕೊಟ್ಟು ಹೊರಗೆ ಕೂತಿದ್ದೇನೆ. ಒಳಗೆ, ಇಲ್ಲಿ ಸಂಶೋಧನೆ ಮಾಡುವ ಅಕ್ಕನ ಲೆಕ್ಕಗಳು ಅರ್ಧಕ್ಕೇ ಸತ್ತುಬಿದ್ದಿವೆ. ಎಲ್ಲ ಮತ್ತೆ ಓಡಿಸಬೇಕು.

ನನ್ನ ಕೆಲಸ ಇಷ್ಟೇ. ಎರಡು ಲೋಹದ ಪರಮಾಣುಗಳನ್ನು ಸ್ವಲ್ಪಸ್ವಲ್ಪವೇ ದೂರ ಎಳೆಯುವುದು, ಪ್ರತಿ ದೂರಕ್ಕೂ ಶಕ್ತಿ ಎಷ್ಟು ಅಂತ ಕಂಪ್ಯೂಟರನ್ನು ಕೇಳುವುದು, ಬಂದ ಚುಕ್ಕಿಗಳನ್ನು ಗೆರೆಯಾಗಿಸುವುದು. ಕಂಪ್ಯೂಟರಿಗೂ ನೇರವಾಗಿ ಗೊತ್ತಿರುವುದಿಲ್ಲ. ಎಲೆಕ್ಟ್ರಾನುಗಳು ಎಲ್ಲೆಲ್ಲಿರಬಹುದು ಅಂತ ಮೊದಲು ನಾವೊಂದು ಊಹೆ ಕೊಡಬೇಕು. ಅದನ್ನು ತಿದ್ದುತ್ತದೆ, ತಿದ್ದಿದ್ದನ್ನು ಮತ್ತೆ ತಿದ್ದುತ್ತದೆ. ತಿದ್ದಲು ಏನೂ ಉಳಿಯದಿದ್ದಾಗ "ಕನ್ವರ್ಜ್ಡ್" ಅನ್ನುತ್ತದೆ. ಅಂದರೆ ತನ್ನ ಮಾತಿಗೆ ತಾನೇ ತಲೆಯಾಡಿಸಿತು ಅಂತ. ನಮ್ಮ ಶಾಲೆಯ ಹೆಡ್ ಮೇಡಂ ಹೀಗೇ ಇದ್ದರು. ಅದಕ್ಕೇ ಅಲ್ಲಿಂದ ಎದ್ದುಬಂದೆ.

ಮಾರ್ಚ್ 5

ತಪ್ಪು ಮಾಡಿದೆ. ಒಂದು ಚುಕ್ಕಿಯ ಉತ್ತರವನ್ನೇ ಪಕ್ಕದ ಚುಕ್ಕಿಗೆ ಊಹೆಯಾಗಿ ಕೊಡುವುದು ಇಲ್ಲಿಯ ಪದ್ಧತಿ. ಯಾವಾಗಲೂ ಹತ್ತಿರದಿಂದ ದೂರಕ್ಕೆ. ನಿನ್ನೆ ಅವಸರದಲ್ಲಿ ತಿರುಗುಮುರುಗಾಗಿ ಹಾಕಿದೆ, ದೂರದಿಂದ ಹತ್ತಿರಕ್ಕೆ. ಅಣು ಅದೇ, ದೂರಗಳು ಅವೇ. ಗೆರೆ ಬೇರೆ!

ಎರಡು ತುದಿಗಳಲ್ಲಿ ಅಕ್ಕನ ಹಳೆಯ ಗೆರೆ, ನನ್ನದು ಒಂದರ ಮೇಲೊಂದು ಕೂರುತ್ತವೆ. ನಡುವೆ ನನ್ನದು ಕೆಳಗೆ. ಅಕ್ಕನ ಗೆರೆ ಮೇಲೇ ಹೋಗಿ, ಮೆಟ್ಟಿಲು ತಪ್ಪಿದವರಂತೆ ಧೊಪ್ಪನೆ ಬೀಳುತ್ತದೆ. ನನ್ನದರಲ್ಲಿ ಆ ಬೀಳುವಿಕೆಯೇ ಇಲ್ಲ.

ಅಕ್ಕನ ಪ್ರಬಂಧ ನಿಂತಿರುವುದೇ ಅದರ ಮೇಲೆ. ಈ ಬಂಧ ಕೊನೆಯವರೆಗೂ ಬಿಗಿಯಾಗಿ ಹಿಡಿದಿದ್ದು ಒಮ್ಮೆಲೇ ಕೈಬಿಡುತ್ತದೆ ಅಂತ. ಶುಕ್ರವಾರ ಅವಳು ಅದನ್ನು ಪ್ರೊಫೆಸರ್ ಮುಂದೆ ಹೇಳಬೇಕು. ಒಪ್ಪಿದರೆ ಅವಳ ಕೆಲಸ ಮುಂದುವರಿಯುತ್ತದೆ. ಇಲ್ಲದಿದ್ದರೆ ನನ್ನದೂ ಹೋಯಿತು.

ಮಾರ್ಚ್ 5, ಸಂಜೆ

ಅಕ್ಕನಿಗೆ ತೋರಿಸಿದೆ. ಗೆರೆಯ ಮೇಲೆ ಬೆರಳಾಡಿಸಿದಳು.

"ಉಲ್ಟಾ ಓಡಿಸಿದ್ಯಾ?"

"ಹೂಂ. ತಪ್ಪಾಗಿ."

"ಹಾಗಾದ್ರೆ ಅಳಿಸು."

"ಎರಡೂ ಕನ್ವರ್ಜ್ಡ್ ಅಂತಾನೇ ಬಂದಿದೆ ಅಕ್ಕ."

"ಎರಡು ಉತ್ತರ ಬರಬಹುದು ಅಂತ ನಂಗೂ ಗೊತ್ತು ಕಣೇ, ಓದಿದ್ದೀನಿ. ಕೆಳಗಿರೋದೆಲ್ಲ ಸರಿ ಅಂತೇನಿಲ್ಲ. ನಿಂದ್ರಲ್ಲಿ ಎಲೆಕ್ಟ್ರಾನ್‌ಗಳ ಸ್ಪಿನ್ ಎಲ್ಲ ಕಲಬೆರಕೆ, ನಂಬೋಕಾಗಲ್ಲ."

"ಇರ್ಲಿ. ಯಾವ್ದು ಸರಿ ಅಂತ ನಾನೆಲ್ಲಿ ಹೇಳ್ದೆ? ಎರಡಿದೆ ಅಂತ ಹೇಳು, ಸಾಕು."

"ಹತ್ತನೇ ಕ್ಲಾಸ್ ಮುಗಿಸು, ಆಮೇಲೆ ನಂಗೆ ಪಾಠ ಹೇಳು!"

ಚುಚ್ಚಿತು. ಆದರೂ ಅಳಿಸಲಿಲ್ಲ. ಅಳಿಸುವುದಿಲ್ಲ.

ಮಾರ್ಚ್ 6

ಅಮ್ಮನ ಫೋನು. "ಅವಳ ಹೊಟ್ಟೆ ಮೇಲೆ ಹೊಡೀಬೇಡ ಕಣೇ, ಮಹರಾಯ್ತಿ." ಅಕ್ಕ ಆಗಲೇ ದೂರು ಕೊಟ್ಟಿದ್ದಾಳೆ. ಎಲೆಕ್ಟ್ರಾನ್ ವಿಷಯ ಅಮ್ಮನಿಗೆ ಹೇಗೆ ಹೇಳಿದಳೋ!

"ಒಂದ್ಸಲ ಬಾಯಿ ಮುಚ್ಕೊಂಡಿರೋಕೆ ಏನು ರೋಗ ನಿಂಗೆ?"

"ಹುಟ್ಟಿನಿಂದ ಇದೆ. ನೀನೇ ಕೊಟ್ಟಿದ್ದು."

ಇಟ್ಟುಬಿಟ್ಟಳು.

ಮಾರ್ಚ್ 9

ನಾವಿಬ್ಬರೂ ಇರುವುದು ಒಂದೇ ಕೋಣೆಯಲ್ಲಿ. ಚಾರ್ಜರ್ ಬೇಕಾದರೂ ಕೈ ಚಾಚುತ್ತಾಳೆ, ಅಷ್ಟೇ.

ಅನುಮಾನ ನನಗೂ ಇದೆ. ನನ್ನ ಗೆರೆ ಅಪ್ಪಟ ತಪ್ಪಾಗಿದ್ದರೆ? ಮತ್ತೆ ಓಡಿಸಿದೆ, ಈ ಸಲ ಬೇಕೆಂದೇ, ಎರಡೂ ಕಡೆಯಿಂದ. ಅದೇ ಎರಡು ಗೆರೆ. ನನ್ನ ಜಗಳಕ್ಕೆ ಅಣು ಯಾಕೆ ತಲೆ ಕೆಡಿಸಿಕೊಳ್ಳುತ್ತದೆ!

ಬೆಳಿಗ್ಗೆ ಅವಳಿಗೆ ಹೇಳಿದೆ: "ಬೆನ್ನ ಹಿಂದೆ ಏನೂ ಮಾಡಲ್ಲ. ಆದ್ರೆ ಶುಕ್ರವಾರ ನೀನು ಹೇಳ್ಲಿಲ್ಲಾಂದ್ರೆ ಅಲ್ಲೇ ಕೇಳ್ತೀನಿ. ನಿನ್ನೆದುರಿಗೇ."

ಹಲ್ಲುಜ್ಜುತ್ತಿದ್ದಳು. ಉಗಿದು, ನಲ್ಲಿ ಜೋರಾಗಿ ಬಿಟ್ಟಳು.

ಶುಕ್ರವಾರ, ಸೆಮಿನಾರ್ ಕೋಣೆ

ಮುಂದಿನ ಸಾಲಿನಲ್ಲೇ ಕೂತಿದ್ದೇನೆ. ಅಕ್ಕ ಚೆನ್ನಾಗಿ ಮಾತಾಡುತ್ತಾಳೆ, ಅದು ಬೇರೆ ಮಾತು. ಪರದೆಯ ಮೇಲೆ ಗೆರೆ ಬಂತು. ಒಂದೇ. ಧೊಪ್ಪನೆ ಬೀಳುವುದು.

ಮುಂದಿನ ಸ್ಲೈಡ್. ಅದರ ಮುಂದಿನದು. ಎರಡನೇ ಗೆರೆ ಎಲ್ಲೂ ಇಲ್ಲ.

ಪ್ರೊಫೆಸರ್ ಖುಷಿಯಾಗಿದ್ದಾರೆ. "ಪ್ರಶ್ನೆ ಇದ್ಯಾ ಯಾರದ್ದಾದ್ರೂ?"

ಎಡಗೈ ಎತ್ತಿದ್ದೇನೆ. ಬಲಗೈ ಬರೆಯುತ್ತಿದೆ. ಪ್ರೊಫೆಸರಿಗೆ ಕಂಡಿಲ್ಲ. ಅಕ್ಕನಿಗೆ ಕಂಡಿದೆ. ನೀರು ಕುಡಿದಳು. ಬೇರೆ ಕಡೆ ನೋಡಿದಳು. ಕೈ ಇಳಿಸುವುದಿಲ್ಲ, ನೋಡುತ್ತಿರು.

ಕೊನೆಯ ಸ್ಲೈಡಿನಿಂದ ಹಿಂದೆ ಹೋಗುತ್ತಿದ್ದಾಳೆ. ಗೆರೆಯ ಹತ್ತಿರ ನಿಲ್ಲಿಸಿದಳು.

"ನನ್ನ ತಂಗಿಗೆ ಏನೋ ಕೇಳೋದಿದೆ ಸರ್." "ಏಳೇ. ಕೇಳು."

ಎದ್ದೆ. "ಅಕ್ಕ, ಇದನ್ನ ಉಲ್ಟಾ ಓಡಿಸಿದ್ರೆ ಯಾವ ಗೆರೆ ಬರುತ್ತೆ?"