ಲಾಸ್ಯಾಳ ಅಪ್ಪನ ಜೀವನಚರಿತ್ರೆ

ಸನ್ನಿವೇಲ್, ಅಮೆರಿಕ
೧೪ ಮಾರ್ಚ್ ೨೦೨೩

ಲಾಸ್ಯಾಳ ಅಪ್ಪನಿಗೆ ನಮಸ್ಕಾರಗಳು.

ಉತ್ತರ ತಡವಾಯಿತು, ಬೇಸರಿಸಬೇಡಿ. ಫೋನಿನಲ್ಲಿ ನೀವು ಶುರು ಮಾಡಿದರೆ ನನಗೆ ಬಾಯಿ ತೆರೆಯಲು ಎಡೆ ಸಿಗುವುದಿಲ್ಲ, ಅದಕ್ಕೇ ಈ ಕಾಗದ. ಬಾಣಂತಿ ಲಾಸ್ಯಾ, ಮಗು ಇಬ್ಬರೂ ಕ್ಷೇಮ. ನನ್ನ ಸೊಂಟ ಮಾತ್ರ ನಿಮ್ಮ ಹಾಗೆ ಪಕ್ಷೇತರ, ಯಾರ ಮಾತೂ ಕೇಳುವುದಿಲ್ಲ.

ಚುನಾವಣೆಯಲ್ಲಿ ಹಂಚಲು ನಿಮ್ಮ ಜೀವನಚರಿತ್ರೆ ಬರೆದುಕೊಡು, ನಾಮಪತ್ರ ಸಲ್ಲಿಸುವ ದಿನ ಉಡುಪಿಗೆ ಬಂದು ಪಕ್ಕದಲ್ಲಿ ನಿಲ್ಲು ಎಂದಿರಿ. ಲಾಸ್ಯಾ ನಕ್ಕಳು. "ಅಪ್ಪನಿಗೆ ಬೇಕಿರೋದು ನೀನಾ ಅಮ್ಮಾ, ಫೋಟೋಕ್ಕೆ ಒಬ್ಬ ವೈಫಾ?"

ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿ ಮಾಯ್ದಾ ಎಂಬ ಹಿರಿಯ ಮಹಿಳೆ ಇದ್ದಾರೆ, ಇಟಲಿಯ ಪಕ್ಕದ ಸ್ಲೊವೇನಿಯಾದವರು. ಅವರ ಮುತ್ತಜ್ಜನೂ ನಿಮ್ಮ ಹಾಗೆ ಪತ್ರಕರ್ತ, ರಾಜಕಾರಣಿ. ನೂರೈವತ್ತು ವರ್ಷದ ಹಿಂದಿನ ಮಾತು. ಆಳುವವರದು ಜರ್ಮನ್, ಈತ ಜನರ ನುಡಿಯಲ್ಲೇ ಪತ್ರಿಕೆ ತೆಗೆದ. ಒಂದು ಲೇಖನಕ್ಕೆ ಜೈಲು, ಹೊರಬಂದ ಮೇಲೆ ಮೆರವಣಿಗೆ, ಆಮೇಲೆ ಆಗಿನ ರಾಜಧಾನಿ ವಿಯೆನ್ನಾದ ಸಂಸತ್ತು. ಆತನ ಜೀವನಚರಿತ್ರೆಯನ್ನು ಮಾಯ್ದಾ ನನಗೆ ಇಂಗ್ಲಿಷಿನಲ್ಲಿ ಹೇಳುತ್ತಾ ಓದುತ್ತಾರೆ. ದಪ್ಪ ಪುಸ್ತಕ. ಹೆಂಡತಿಗೆ ಒಂದೇ ವಾಕ್ಯ, ನೆರಳಿನಂತೆ ಜೊತೆಗಿದ್ದಳು ಎಂದು.

"ಆತ ಜೈಲಿನಲ್ಲಿದ್ದಾಗ ಪತ್ರಿಕೆ ನಡೆಸಿದ್ದೇ ಅವಳು. ಪುಸ್ತಕ ಬರೆದವರಿಗೆ ಅದು ಬೇಕಿರಲಿಲ್ಲ" ಎಂದರು ಮಾಯ್ದಾ.

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ನಮ್ಮ ಗಾದೆ ಹೇಳಿದೆ. ಬಿದ್ದು ಬಿದ್ದು ನಕ್ಕರು. ನನಗೆ ಸಿಟ್ಟು ಬರಬೇಕಿತ್ತು, ಈಗೀಗ ಸಿಟ್ಟಾಗುವುದಕ್ಕೂ ಆಯಾಸ.

ಆದರೂ ಬರೆಯಲು ಕೂತೆ. ಮಲ್ಪೆಯ ಮೀನುಗಾರರ ಪರ ಬರೆದು ನೀವು ಪೆಟ್ಟು ತಿಂದದ್ದು, ಪ್ರೆಸ್ಸಿಗೆ ಬೀಗ ಬಿದ್ದದ್ದು, ಜಾಹೀರಾತಿನ ಆಸೆಗೆ ಯಾರಿಗೂ ತಲೆಬಾಗದ್ದು, ಎಲ್ಲ ಬರೆದೆ. ಎಲ್ಲ ನಿಜವೇ. ನಿಮ್ಮ ಬಗ್ಗೆ ನನಗೆ ಹೆಮ್ಮೆಯಿದೆ. ಲಾಸ್ಯಾ ಹುಟ್ಟುವ ಮೊದಲಿನ ಆ ಮಳೆಗಾಲಕ್ಕೆ ಬಂದು ಕೈ ನಿಂತಿತು, ಮುಂದೆ ಹೋಗಲೊಲ್ಲದು. ಬರೆದಷ್ಟನ್ನು ಇದರ ಜೊತೆ ಇಟ್ಟಿದ್ದೇನೆ; ಉಳಿದದ್ದನ್ನು ನಿಮ್ಮ ಉಪಸಂಪಾದಕ ದೇವರಾಜು ಬರೆಯಲಿ. ನಾನು ನಾಮಪತ್ರದ ದಿನಕ್ಕೆ ಬರುವುದಿಲ್ಲ. ಯಾವಾಗ ಬರುತ್ತೇನೆಂದು ಕೇಳಬೇಡಿ, ನನಗೇ ಗೊತ್ತಿಲ್ಲ.

ಬಿಪಿ ಮಾತ್ರೆ ಮರೆಯಬೇಡಿ. ಪ್ರಚಾರದ ಬಿಸಿಲಿನಲ್ಲಿ ಎಳನೀರು ಕುಡಿಯುತ್ತಿರಿ. ನಿಮಗೆ ಗೆಲುವಾಗಲಿ, ಕೃಷ್ಣ ನಿಮ್ಮ ಬೆನ್ನಿಗಿರಲಿ.

ಇತಿ,
ಸುಗುಣಾ

ತಾ.ಕ.: ಇಲ್ಲಿ ಹೆರಿಗೆಯ ದಿನ ಅಳಿಯ ಅನೀಶ್ ಫೋನು ಆಫ್ ಮಾಡಿಟ್ಟು ಲಾಸ್ಯಾಳ ಕೈ ಹಿಡಿದು ಕೂತಿದ್ದ. ಅದನ್ನು ನೋಡಿದಾಗಿನಿಂದ ನನಗೆ ನೆಮ್ಮದಿಯಿಲ್ಲ. ಆ ಮಳೆಗಾಲದಲ್ಲಿ ನಮ್ಮ ಮೊದಲ ಮಗು ಹುಟ್ಟುತ್ತಲೇ ತೀರಿಹೋದ ದಿನ ನೀವೂ ಆಸ್ಪತ್ರೆಗೆ ಬಂದಿದ್ದಿರಿ, ಕಂಕುಳಲ್ಲಿ ಮುಖಪುಟದ ಪ್ರೂಫು. "ಸಂಜೆಗೆ ಅಚ್ಚಿಗೆ ಹೋಗ್ಬೇಕು ಮಾರಾಯ್ತಿ, ಒಮ್ಮೆ ನೋಡಿ ಕೊಡು" ಎಂದಿರಿ. ಮಲಗಿದಲ್ಲೇ ತಿದ್ದಿಕೊಟ್ಟೆ. ಒಂದು ತಪ್ಪನ್ನೂ ಬಿಟ್ಟಿಲ್ಲ ಎಂದು ಹೊಗಳಿ ಹೊರಟಿರಿ. ಮಗು ಗಂಡೋ ಹೆಣ್ಣೋ ಎಂದು ಅವತ್ತು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.