ಅವ್ವನ ಬಾಯಿಗೆ ಯಾರದೋ ಕಂಠ

ಮಾನ್ಯ ಸಾಕ್ಷ್ಯಚಿತ್ರ ಅಧಿಕಾರಿಗಳೇ,

ನಮ್ಮ ಸೀಮೆಯ ಸಂಗೀತದ ಚರಿತ್ರೆ ಎಂದು ತಮ್ಮ ಕಚೇರಿ ತಯಾರಿಸಿದ ಹನ್ನೆರಡು ನಿಮಿಷದ ಚಿತ್ರದಲ್ಲಿ ಹಾಡುತ್ತ ಕೂತಿರುವ ಮುದುಕಿ ನನ್ನ ತಾಯಿ. ಕೇಳಿಬರುವ ಕಂಠ ಅವಳದಲ್ಲ. ಅದು ಯಾರದೆಂದು ತಾವು ಚಿತ್ರದಲ್ಲಿ ಎಲ್ಲಿಯೂ ಹೇಳಿಲ್ಲ.

ಭದ್ರಾವತಿ ಓಲ್ಡ್ ಟೌನಿನ ನನ್ನವ್ವ ಮಹಾಂತಮ್ಮ ಹಾಡುವ ಶಿವಭಕ್ತಿಯ ಪದಗಳು ಅವಳಿಗೆ ಅವಳ ಅಪ್ಪನಿಂದ ಬಂದವು. ಪ್ರತಿ ಸಾಲಿನ ಕೊನೆಗೆ ದನಿ ಒಂದು ಕ್ಷಣ ಒಡೆದು ಕೆಳಗಿಳಿಯಬೇಕು. ಅದು ವಯಸ್ಸಿನ ಒಡಕಲ್ಲ, ಆ ಮಟ್ಟೇ ಹಾಗೆ. ಅದನ್ನು ಬಲ್ಲವರು ಊರಲ್ಲಿ ಈಗ ಅವಳೊಬ್ಬಳೇ. ‘ಹಳೆಯ ಗಾಯಕರಿದ್ದರೆ ತಿಳಿಸಿ’ ಎಂಬ ತಮ್ಮ ಪ್ರಕಟಣೆ ನೋಡಿ ಪತ್ರ ಬರೆದವಳು ನಾನೇ. ಬಿ.ಎ. ಓದಿದ್ದು ಕೊನೆಗೂ ಒಂದು ಉಪಯೋಗಕ್ಕೆ ಬಂತೆಂದು ಬೀಗಿದವಳೂ ನಾನೇ.

ತಮ್ಮವರು ಮೊದಲ ದಿನ ಟೇಪಿನಲ್ಲಿ ಐದು ಪದ ಹಿಡಿದುಕೊಂಡರು. ಒಂದನ್ನು ತಿರುಗಿಸಿ ಕೇಳಿಸಿದಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಜಯಾ, ನಮ್ಮಪ್ಪ ಹಾಡಿದಂಗೇ ಇದೆಯಲ್ಲೇ!” ಎಂದಳು. ಅರವತ್ತು ವರ್ಷಕ್ಕೆ ಮೊದಲ ಸಲ ತನ್ನ ದನಿಯನ್ನು ತಾನೇ ಕೇಳಿದ್ದಳು. ಮರುದಿನ ಕ್ಯಾಮೆರಾ ಬಂತು. “ಸುಮ್ನೆ ಬಾಯಾಡಿಸಿ ತಾಯಿ, ದನಿ ಆಮೇಲೆ ಸೇರಿಸ್ತೀವಿ” ಎಂದರು. “ಹಾಡದೆ ಬಾಯಿ ಹೆಂಗಪ್ಪ ಆಡಿಸೋದು? ನಾನೇನು ಎಮ್ಮೇನಾ, ಮೆಲುಕು ಹಾಕೋಕೆ?” ಎಂದು ಅವ್ವ ನಕ್ಕಳು. ಸರ್ಕಾರದವರ ಮಾತೆಂದು ನಂಬಿ ಬಾಯಾಡಿಸಿದಳು.

ಶಿವಮೊಗ್ಗದ ಟಾಕೀಸಿನಲ್ಲಿ ದೊಡ್ಡ ಚಿತ್ರಕ್ಕೆ ಮೊದಲು ತಮ್ಮ ಚಿತ್ರ ಹಾಕಿದರು. ನಾನಾಗ ಏಳು ತಿಂಗಳ ಬಸುರಿ. ಪರದೆಯ ಮೇಲೆ ಅವ್ವನ ಮುಖ, ಬಾಯಿಂದ ಇಪ್ಪತ್ತರ ಹುಡುಗಿಯ ನುಣುಪು ದನಿ, ಹಿಂದೆ ಪಿಟೀಲು, ಕೊಳಲು. ಒಂದು ಸಾಲೂ ಒಡೆಯಲಿಲ್ಲ. ವಿವರಣೆಕಾರರು ಮಾತ್ರ ‘ಶತಮಾನಗಳಿಂದ ಬದಲಾಗದ ಮಟ್ಟು’ ಎನ್ನುತ್ತಿದ್ದರು! ಅವ್ವ ನನ್ನ ಕೈ ಹಿಡಿದು, “ಇದ್ಯಾರೇ, ನನ್ನ ಬಾಯಲ್ಲಿ ಹಾಡ್ತಿರೋಳು?” ಎಂದಳು. “ಯಂತ್ರದಲ್ಲಿ ಹಂಗೆ ಕೇಳುತ್ತವ್ವ” ಎಂದು ಸುಳ್ಳು ಹೇಳಿದೆ.

ತಮಗೆ ಬರೆದೆ. ‘ಪ್ರೇಕ್ಷಕರ ಅಭಿರುಚಿಯ ದೃಷ್ಟಿಯಿಂದ ಧ್ವನಿಯನ್ನು ಪರಿಷ್ಕರಿಸಲಾಗಿದೆ’ ಎಂಬ ಉತ್ತರ ಬಂತು. ಮುಖವನ್ನೇಕೆ ಬಿಟ್ಟಿರಿ? ಆ ಸುಕ್ಕುಗಳು ಪ್ರೇಕ್ಷಕರ ಅಭಿರುಚಿಗೆ ಹೊಂದುತ್ತವೆಯೇ? ಅಥವಾ ಚರಿತ್ರೆ ನೋಡುವುದಕ್ಕೆ ಹಳೆಯದಾಗಿ, ಕೇಳುವುದಕ್ಕೆ ಹೊಸದಾಗಿ ಇರಬೇಕೆಂದು ತಮ್ಮಲ್ಲಿ ಸುತ್ತೋಲೆಯೇನಾದರೂ ಇದೆಯೇ?

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕಾಗದನಗರದ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಮಗಳನ್ನು ತೊಟ್ಟಿಲಿಗೆ ಹಾಕಿದ ದಿನ ಅವ್ವ ಪದ ಎತ್ತಿಕೊಂಡಳು. ಎರಡನೆಯ ಸಾಲಿಗೆ ದನಿ ಒಡೆಯಿತು, ಒಡೆಯಬೇಕಾದಲ್ಲೇ. ಪಕ್ಕದ ಮನೆಯ ಹೂವಮ್ಮ, ಕೆಟ್ಟವಳಲ್ಲ ಪಾಪ, ನಗುತ್ತ ಹೇಳಿದಳು: “ಅಲ್ಲ ಮಹಾಂತಕ್ಕ, ಸಿನಿಮಾದಲ್ಲಿ ಜೇನು ಸುರಿದಂಗೆ ಹಾಡಿದ್ಯಲ್ಲ, ನಮಗೆ ಮಾತ್ರ ಈ ಒಡಕು ದನೀನೇನೇ ಮಾರಾಯ್ತಿ? ಸರ್ಕಾರದೋರೇ ಬರ್ಬೇಕಾ ನಿನ್ನ ಬಾಯಿ ಬಿಡಿಸೋಕೆ?” ಎಲ್ಲರೂ ನಕ್ಕರು. ಅವ್ವನೂ ನಕ್ಕಳು. ಪದವನ್ನು ಅಲ್ಲಿಗೇ ಬಿಟ್ಟು ತೊಟ್ಟಿಲು ತೂಗಿದಳು.

ಎಂಟು ತಿಂಗಳಾಯಿತು, ಅವಳು ಹಾಡಿಲ್ಲ. ಕಾಲಿಗೆ ಬಿದ್ದು ಕೇಳಿದ್ದೇನೆ. “ನನ್ನ ದನಿ ಚೆನ್ನಾಗಿಲ್ಲ ಕಣೆ. ಚೆನ್ನಾಗಿದ್ದಿದ್ರೆ ಅವರ್ಯಾಕೆ ತೆಗೀತಿದ್ರು?” ಎನ್ನುತ್ತಾಳೆ. ಇದಕ್ಕೆ ತಮ್ಮ ಕಡತದಲ್ಲಿ ಉತ್ತರವಿದ್ದರೆ ದಯವಿಟ್ಟು ಕಳಿಸಿ. ಮಗಳು ನಿದ್ದೆ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ತೊಟ್ಟಿಲ ಹಗ್ಗ ಹಿಡಿದು ಕೂತಾಗೆಲ್ಲ ಒಂದೇ ಭಯ: ನಾಳೆ ಇವಳು ದೊಡ್ಡವಳಾಗಿ ಆ ಚಿತ್ರ ನೋಡಿ, ಇದೇ ನಮ್ಮಜ್ಜಿಯ ದನಿ ಎಂದು ನಂಬಿಬಿಟ್ಟರೆ?

ನಾನು ಕೇಳುವುದು ಪರಿಹಾರವಲ್ಲ, ಕ್ಷಮೆಯೂ ಅಲ್ಲ. ಅವ್ವನ ಮುಖವನ್ನು ಆ ಚಿತ್ರದಿಂದ ತೆಗೆದುಹಾಕಿ. ಮೊದಲ ದಿನದ ಟೇಪನ್ನು ಕೊಡಿ, ಅವಳ ಮುಂದಿಟ್ಟು ಕೇಳಿಸುತ್ತೇನೆ. ಹಳೆಯ ಟೇಪನ್ನು ಅಳಿಸಿ ಅದರ ಮೇಲೆಯೇ ಹೊಸದನ್ನು ತುಂಬುವುದು ತಮ್ಮಲ್ಲಿ ವಾಡಿಕೆಯೆಂದು ಕೇಳಿದ್ದೇನೆ. ಹಾಗೇನಾದರೂ ಆಗಿಹೋಗಿದ್ದರೆ, ಪರಿಷ್ಕರಣೆ ಗಿರಿಷ್ಕರಣೆ ಎನ್ನದೆ ‘ಅಳಿಸಿದ್ದೇವೆ’ ಎಂದು ಒಂದೇ ಮಾತು ಬರೆಯಿರಿ. ಕಾಗದವನ್ನು ನನ್ನ ಹೆಸರಿಗೇ ಕಳಿಸಿ. ಅವ್ವನಿಗೆ ಓದು ಬರುವುದಿಲ್ಲ. ಅದರಲ್ಲಿ ಏನಿದೆಯೆಂದು ಅವಳು ಕೇಳಿದರೆ, ಇನ್ನೊಂದು ಸುಳ್ಳು ಹೇಳುತ್ತೇನೆ.

ಇಂತಿ,
ತಾಯಿ ಹಾಡುತ್ತಿದ್ದಾಗ ಪರೀಕ್ಷೆಗೆ ಓದುತ್ತ ಕೂತು ಒಂದು ಪದವನ್ನೂ ಕಲಿಯದೆ ಹೋದ
ಜಯಶೀಲಾ